ನವೆಂಬರ್ 14ರಂದು ಹುಟ್ಟಿದ ಇನ್ನೊಬ್ಬರು

ನಮ್ಮ ಶಾಲೆಯಲ್ಲಿ ಓದಿದವರಿಗೆಲ್ಲ ನವೆಂಬರ್ 14 ಎಂದರೆ ಮಕ್ಕಳ ದಿನಾಚರಣೆ, ನೆಹರೂ ಅವರ ಜನ್ಮದಿನ. ಅದೇ ದಿನ ಹುಟ್ಟಿದ ಇನ್ನೊಬ್ಬರ ವಿಚಾರ ನಾನು ತಿಳಿದದ್ದು ಶಾಲೆ ಬಿಟ್ಟು ಎಷ್ಟೋ ವರ್ಷಗಳ ಮೇಲೆ, ಅಪ್ಪನಿಗೆ ಡಾಕ್ಟರು ಇನ್ಸುಲಿನ್ ಬರೆದುಕೊಟ್ಟಾಗ. ಅವರೇ ಫ್ರೆಡರಿಕ್ ಬ್ಯಾಂಟಿಂಗ್.

ಬ್ಯಾಂಟಿಂಗ್ ಹುಟ್ಟಿದ್ದು 1891ರಲ್ಲಿ, ಕೆನಡಾದ ಅಲಿಸ್ಟನ್ ಎಂಬಲ್ಲಿ, ರೈತರ ಮನೆಯಲ್ಲಿ. ಕಾಲೇಜಿನ ಮೊದಲ ವರ್ಷವೇ ನಪಾಸಾದರು. ಆಮೇಲೆ ವೈದ್ಯಕೀಯ ಓದಿ, ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ದುಡಿದು ಗಾಯಗೊಂಡರು. 1920ರಲ್ಲಿ ಸ್ವಂತ ಕ್ಲಿನಿಕ್ ತೆರೆದಾಗ ಮೊದಲ ತಿಂಗಳ ಸಂಪಾದನೆ ನಾಲ್ಕೇ ಡಾಲರ್.

ನಾವು ಉಂಡ ಅನ್ನ, ಮುದ್ದೆ ಸಕ್ಕರೆಯಾಗಿ ರಕ್ತ ಸೇರುತ್ತದೆ. ಅದು ಜೀವಕೋಶಗಳಿಗೆ ದಕ್ಕಬೇಕಾದರೆ ಮೇದೋಜೀರಕ ಗ್ರಂಥಿ ಮಾಡುವ ಇನ್ಸುಲಿನ್ ಬೇಕು. ಅದಿಲ್ಲದ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಕೆಲಕಾಲ ಉಳಿಸಿಕೊಳ್ಳುವುದಷ್ಟೇ ಅಂದಿನ ವೈದ್ಯರಿಗೆ ಸಾಧ್ಯವಿತ್ತು.

ಆ ಗ್ರಂಥಿಯ ಕುರಿತ ಲೇಖನವೊಂದನ್ನು ಓದಿದ ರಾತ್ರಿ ಬ್ಯಾಂಟಿಂಗ್‌ಗೆ ನಿದ್ದೆ ಬರಲಿಲ್ಲ. ಅದರಿಂದ ಔಷಧ ತೆಗೆಯುವ ದಾರಿಯೊಂದು ಹೊಳೆದು, ಎದ್ದು ಬರೆದಿಟ್ಟರು. 1921ರ ಮೇ ತಿಂಗಳಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಪ್ರೊಫೆಸರ್ ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ, ಚಾರ್ಲ್ಸ್ ಬೆಸ್ಟ್ ಎಂಬ ತರುಣನ ಜೊತೆ ನಾಯಿಗಳ ಮೇಲೆ ಪ್ರಯೋಗ ಆರಂಭಿಸಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸೂಜಿ ಹಾಕಿದರು. ಔಷಧ ಶುದ್ಧವಿರಲಿಲ್ಲ, ಫಲಿಸಲಿಲ್ಲ. ಜೇಮ್ಸ್ ಕಾಲಿಪ್ ಹಗಲಿರುಳು ಕೂತು ಅದನ್ನು ಶುದ್ಧಗೊಳಿಸಿದರು. ಜನವರಿ 23ರಿಂದ ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ, ಇನ್ನೂ 13 ವರ್ಷ ಬಾಳಿದ.

ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. 1923ರಲ್ಲಿ ನೊಬೆಲ್ ಬಂದದ್ದು ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್‌ಗೆ. ಬ್ಯಾಂಟಿಂಗ್ ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ ಕೊಟ್ಟರು, ಮ್ಯಾಕ್ಲಿಯಾಡ್ ಕಾಲಿಪ್‌ಗೆ ಕೊಟ್ಟರು. 1941ರಲ್ಲಿ ವಿಮಾನ ಅಪಘಾತದಲ್ಲಿ ಬ್ಯಾಂಟಿಂಗ್ ತೀರಿಕೊಂಡಾಗ ಅವರಿಗೆ 49 ವರ್ಷ.

ಇನ್ಸುಲಿನ್ ಸೂಜಿ ಶುರುವಾದರೆ ಮನುಷ್ಯನ ಕಥೆ ಮುಗಿದಂತೆ ಎಂಬ ಮಾತು ನಮ್ಮೂರಲ್ಲಿ ಈಗಲೂ ಇದೆ. ಅಪ್ಪನೂ ಅದನ್ನೇ ನಂಬಿ ಎರಡು ವರ್ಷ ಮುಂದೂಡಿ, ಕಾಲಿನ ಒಂದು ಬೆರಳು ಕಳೆದುಕೊಂಡರು. ನಾನೂ ಬೆಂಗಳೂರಿನಲ್ಲಿ ಕೂತು ಗಟ್ಟಿಯಾಗಿ ಒತ್ತಾಯಿಸಲಿಲ್ಲ. ಈಗ ಅವರೇ ಸೂಜಿ ಹಾಕಿಕೊಂಡು, ತಿಂಡಿ ತಿಂದು ತೋಟಕ್ಕೆ ಹೋಗುತ್ತಾರೆ.

ಬ್ಯಾಂಟಿಂಗ್ ಹುಟ್ಟಿದ ದಿನವೇ ವಿಶ್ವ ಮಧುಮೇಹ ದಿನ. ಮುಂದಿನ ಮಕ್ಕಳ ದಿನಾಚರಣೆಯಂದು ಶಾಲೆಯ ಅಂಗಳದಲ್ಲಿ ಊರಿನ ಹಿರಿಯರಿಗೆಲ್ಲ ಸಕ್ಕರೆ ಪರೀಕ್ಷೆ ಏರ್ಪಡಿಸೋಣ ಎಂಬುದು ಈ ಹಳೆಯ ವಿದ್ಯಾರ್ಥಿಯ ಕೋರಿಕೆ. ಖರ್ಚಿನಲ್ಲಿ ನನ್ನ ಪಾಲೂ ಇರಲಿ.