ಸುಳ್ಳು ಪತ್ತೆಯ ಯಂತ್ರ ಕಟ್ಟಿದ ಜಾನ್ ಲಾರ್ಸನ್

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿದೆ. ತರಗತಿಯಲ್ಲಿ ಪೆನ್ನೊಂದು ಕಾಣೆಯಾದರೆ ಅಧ್ಯಾಪಕರಾದ ನಾವೂ ಮೊದಲು ನೋಡುವುದು ಮಕ್ಕಳ ಮುಖವನ್ನೇ. ಬೆವರಿದವನು, ತಡವರಿಸಿದವನು, ತಲೆ ತಗ್ಗಿಸಿದವನು ಕಳ್ಳನೆಂದು ಬೇಗನೆ ನಿರ್ಧರಿಸಿಬಿಡುತ್ತೇವೆ. ಇದೇ ನಂಬಿಕೆಯ ಮೇಲೆ ಯಂತ್ರವೊಂದನ್ನು ಕಟ್ಟಿ, ಮುಂದೆ ಅದರ ಬಗೆಗೇ ಸಂದೇಹಪಟ್ಟವರು ಜಾನ್ ಆಗಸ್ಟಸ್ ಲಾರ್ಸನ್.

ಲಾರ್ಸನ್ನರು 1892ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಜನಿಸಿದರು. ಅಮೇರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಶರೀರಶಾಸ್ತ್ರವನ್ನು ಅಭ್ಯಸಿಸಿ 1920ರಲ್ಲಿ ಡಾಕ್ಟರೇಟ್ ಪಡೆದರು. ಆದರೆ ಉದ್ಯೋಗಕ್ಕೆ ಸೇರಿದ್ದು ಬರ್ಕ್ಲಿ ನಗರದ ಪೊಲೀಸ್ ಇಲಾಖೆಗೆ. ಅಲ್ಲಿನ ಮುಖ್ಯಾಧಿಕಾರಿ ಆಗಸ್ಟ್ ವೋಲ್ಮರ್, ಹೊಡೆದು ಬಡಿದು ತಪ್ಪೊಪ್ಪಿಸುವ ಪದ್ಧತಿಗೆ ವಿರೋಧಿಯಾಗಿದ್ದರು. ಅದರ ಬದಲು ವಿಜ್ಞಾನದ ದಾರಿ ಬೇಕೆಂಬುದು ಅವರ ಹಂಬಲವಾಗಿತ್ತು.

ಸುಳ್ಳಾಡುವಾಗ ರಕ್ತದೊತ್ತಡ ಏರುತ್ತದೆಂದು ವಿಲಿಯಂ ಮಾರ್ಸ್ಟನ್ ಎಂಬವರು ಅದಾಗಲೇ ಪ್ರತಿಪಾದಿಸಿದ್ದರು. ಇದನ್ನು ಆಧರಿಸಿ ಲಾರ್ಸನ್ನರು 1921ರಲ್ಲಿ ತಮ್ಮ ಯಂತ್ರವನ್ನು ರಚಿಸಿದರು. ತೋಳಿಗೊಂದು ಪಟ್ಟಿ, ಎದೆಗೊಂದು ರಬ್ಬರಿನ ಕೊಳವೆ. ರಕ್ತದೊತ್ತಡ ಮತ್ತು ಉಸಿರಾಟದ ಏರಿಳಿತಗಳು ಮಸಿ ಹಿಡಿಸಿದ ಕಾಗದದ ಮೇಲೆ ಗೆರೆಗಳಾಗಿ ಮೂಡುತ್ತಿದ್ದವು. ಅದೇ ವರ್ಷ ವಿದ್ಯಾರ್ಥಿನಿಯರ ವಸತಿಗೃಹವೊಂದರಲ್ಲಿ ಕಳವುಗಳಾದಾಗ ಅಲ್ಲಿನವರನ್ನು ಈ ಯಂತ್ರದಿಂದ ಪರೀಕ್ಷಿಸಲಾಯಿತು. ಸಂಶಯಕ್ಕೊಳಗಾದ ಒಬ್ಬಾಕೆ ಬಳಿಕ ತಪ್ಪೊಪ್ಪಿಕೊಂಡಳು. ಪತ್ರಿಕೆಗಳಲ್ಲಿ ಯಂತ್ರದ ಹೆಸರು ಮೆರೆಯಿತು. ಪರೀಕ್ಷೆಗೊಳಗಾದ ಮತ್ತೊಬ್ಬ ವಿದ್ಯಾರ್ಥಿನಿಯನ್ನು ಲಾರ್ಸನ್ನರು ಮುಂದೆ ವಿವಾಹವಾದರು.

ಆದರೆ ಯಂತ್ರ ಅಳೆಯುವುದು ದೇಹದ ಕಳವಳವನ್ನೇ ಹೊರತು ಸುಳ್ಳನ್ನಲ್ಲ. ಭಯ, ನಾಚಿಕೆ, ಅವಮಾನ, ಸಿಟ್ಟು ಇವುಗಳಿಂದ ನಿರಪರಾಧಿಯ ಎದೆಯೂ ಡವಗುಟ್ಟುತ್ತದೆ. ನುರಿತ ಸುಳ್ಳುಗಾರನು ನಿಶ್ಚಿಂತನಾಗಿ ಕುಳಿತಿರಲೂಬಹುದು. ಲಾರ್ಸನ್ನರು ಮುಂದೆ ವೈದ್ಯಶಾಸ್ತ್ರವನ್ನು ಕಲಿತು ಮನೋವೈದ್ಯರಾದರು. ಅವರ ಶಿಷ್ಯ ಲಿಯೊನಾರ್ಡ್ ಕೀಲರ್ ಯಂತ್ರವನ್ನು ಸುಧಾರಿಸಿ ವ್ಯಾಪಾರದ ವಸ್ತುವಾಗಿ ಮಾಡಿದ್ದು ಗುರುವಿಗೆ ಒಪ್ಪಿಗೆಯಾಗಲಿಲ್ಲ. ಹೊಡೆತ ತಪ್ಪಿಸಲೆಂದು ಹುಟ್ಟಿದ ಸಾಧನವೇ ಜನರನ್ನು ಬೆದರಿಸಿ ತಪ್ಪೊಪ್ಪಿಸುವ ಉಪಾಯವಾದುದನ್ನು ಕಂಡು ಅವರು ನೊಂದರು. 1965ರಲ್ಲಿ ತೀರಿಕೊಳ್ಳುವಾಗಲೂ ಆ ನೋವು ಅವರನ್ನು ಬಿಟ್ಟಿರಲಿಲ್ಲ.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ಎದ್ದಿದೆ. ಕರ್ನಾಟಕ ಸರಕಾರವು ಪ್ರತಿವಾದಿಯಾಗಿದ್ದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪಿತ್ತು, ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಗೆ ಒಳಪಡಿಸಕೂಡದೆಂದು ಸಾರಿತು.

ತರಗತಿಯಲ್ಲಿ ಅಧ್ಯಾಪಕರ ಪ್ರಶ್ನೆ ಅರ್ಥವಾಗದೆ ತಡವರಿಸುವ ಮಗುವಿದೆ. ಹಿಂದೊಮ್ಮೆ ತಿಂದ ಪೆಟ್ಟನ್ನು ನೆನೆದು ಬೆವರುವ ಮಗುವೂ ಇದೆ. ಅಂಥವರ ಮುಖ ನೋಡಿ ತೀರ್ಪು ಕೊಡುವ ಮೊದಲು, ಕಾಣೆಯಾದ ಪೆನ್ನನ್ನು ಮೇಜಿನ ಕೆಳಗೆ ಇನ್ನೊಮ್ಮೆ ಹುಡುಕಿ ನೋಡುವುದು ಮನೆಯಲ್ಲಿ ಹಿರಿಯರಿಗೂ ಶಾಲೆಯಲ್ಲಿ ನಮಗೂ ಒಳ್ಳೆಯದು.