ಪ್ಲೇಗಿಗೆ ಮದ್ದು ಕಂಡುಹಿಡಿದ ಹಾಫ್ಕಿನ್

ನಾವು ಐದನೇ ತರಗತಿಯಲ್ಲಿದ್ದಾಗ ನರ್ಸಕ್ಕ ಚುಚ್ಚುಮದ್ದಿನ ಪೆಟ್ಟಿಗೆ ತಂದದ್ದು ನೆನಪಿದೆಯಾ? ಐದಾರು ಜನ ಹಿಂದಿನ ಬೇಲಿ ಹಾರಿ ಓಡಿದ್ದೆವು. ಸಿಕ್ಕಿಬಿದ್ದು ಚುಚ್ಚಿಸಿಕೊಂಡ ಮೇಲೆ ಎರಡು ದಿನ ನನಗೆ ತೋಳು ಎತ್ತೋಕೆ ಆಗಲಿಲ್ಲ. ಅದು ಧನುರ್ವಾಯು ಬಾರದಂತೆ ಹಾಕುವ ಮದ್ದು ಅಂತ ಮೇಷ್ಟ್ರು ಹೇಳಿದ್ದರು. ಅದೇ ಧನುರ್ವಾಯುವಿನ ದೆಸೆಯಿಂದ ಕೆಟ್ಟ ಹೆಸರು ಹೊತ್ತ ಒಬ್ಬ ದೊಡ್ಡ ವಿಜ್ಞಾನಿಯ ಜೀವನ ಚರಿತ್ರೆಯನ್ನು ಈ ಸಲ ಬರೆದಿದ್ದೇನೆ.

ಅವರ ಹೆಸರು ವಾಲ್ಡೆಮಾರ್ ಹಾಫ್ಕಿನ್. 1860ರಲ್ಲಿ ಒಡೆಸ್ಸಾ ಎಂಬ ಊರಿನಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಆಗ ಆ ಊರು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು, ಈಗ ಉಕ್ರೇನ್ ದೇಶದಲ್ಲಿದೆ. ಓದು ಮುಗಿಸಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಸೇರಿದರು. ಅಲ್ಲಿ ಕಾಲರಾಕ್ಕೆ ಲಸಿಕೆ ತಯಾರಿಸಿ, 1892ರಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ನಮ್ಮ ದೇಶಕ್ಕೆ ಬಂದು ಕಲ್ಕತ್ತೆಯಲ್ಲಿಯೂ ಬೇರೆ ಊರುಗಳಲ್ಲಿಯೂ ಜನರಿಗೆ ಕಾಲರಾ ಲಸಿಕೆ ಹಾಕಿದರು.

1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂತು. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಎದ್ದು ಜ್ವರ ಬಂದು ಕೆಲವೇ ದಿನದಲ್ಲಿ ಜನ ಸಾಯುತ್ತಿದ್ದರು. ನಮ್ಮ ಅಜ್ಜಿ ಅವರ ಅಜ್ಜಿಯಿಂದ ಕೇಳಿದ್ದಂತೆ, ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಇಡೀ ಊರೇ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ.

ಸರ್ಕಾರ ಹಾಫ್ಕಿನ್ನರನ್ನು ಬೊಂಬಾಯಿಗೆ ಕರೆಸಿತು. ಅವರು ಪ್ಲೇಗಿನ ಕ್ರಿಮಿಗಳನ್ನು ಮಾಂಸದ ಸಾರಿನಲ್ಲಿ ಬೆಳೆಸಿದರು. ದನದ ಮಾಂಸವಾದರೆ ಹಿಂದೂಗಳಿಗೆ, ಹಂದಿಯದಾದರೆ ಮುಸಲ್ಮಾನರಿಗೆ ಆಗುವುದಿಲ್ಲ ಅಂತ ಆಡಿನ ಮಾಂಸ ಬಳಸಿದರು. ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ ಕ್ರಿಮಿಗಳು ಆ ಹನಿಯಿಂದ ಕೆಳಕ್ಕೆ ಜೋತು ಬೀಳುವಂತೆ ಬೆಳೆಯುತ್ತಿದ್ದವು. (ನಮ್ಮ ಮನೆಯ ತುಪ್ಪ ಹೀಗೂ ಕೆಲಸಕ್ಕೆ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.) ಆಮೇಲೆ ಅದನ್ನು ಕಾಯಿಸಿ ಕ್ರಿಮಿಗಳನ್ನು ಸಾಯಿಸಿದರೆ ಲಸಿಕೆ ತಯಾರು. 1897ರ ಜನವರಿ 10ರಂದು ಅದನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂತು, ನೋವಾಯಿತು, ಆದರೂ ಕೆಲಸ ಬಿಡಲಿಲ್ಲ.

ಅದೇ ತಿಂಗಳು ಬೈಕುಲ್ಲಾ ಜೈಲಿಗೆ ಪ್ಲೇಗು ನುಗ್ಗಿತು. ಒಪ್ಪಿದ ಖೈದಿಗಳಿಗೆ ಲಸಿಕೆ ಹಾಕಿದರು, ಉಳಿದವರು ಹಾಗೇ ಇದ್ದರು. ಆಮೇಲೆ ಎರಡೂ ಗುಂಪನ್ನು ಎಣಿಸಿ ನೋಡಿದರು. ಚುಚ್ಚಿಸಿಕೊಂಡವರಲ್ಲಿ ರೋಗ ಬಂದವರೂ ಕಡಿಮೆ, ಸತ್ತವರೂ ಕಡಿಮೆ. ಯಾರಿಗೂ ಬರಲೇ ಇಲ್ಲ ಅಂತಲ್ಲ. ಲಸಿಕೆಯ ಬಲ ಕೆಲವು ತಿಂಗಳಷ್ಟೇ ಇರುತ್ತಿತ್ತು. ಅಂದ್ರೆ ಒಂದು ಕಡೆ ಎರಡು ದಿನದ ಜ್ವರ, ಊದಿದ ತೋಳು. ಇನ್ನೊಂದು ಕಡೆ ಪ್ಲೇಗು. 1898ರಲ್ಲಿ ನಮ್ಮ ಹುಬ್ಬಳ್ಳಿಗೆ ಪ್ಲೇಗು ಬಂದಾಗ ಸಾವಿರಾರು ಜನ ತೋಳು ಕೊಟ್ಟರು.

ಮುಂದೆ ಪಂಜಾಬಿನಿಂದ ಬಹಳ ಲಸಿಕೆ ಬೇಕೆಂದು ಬೇಡಿಕೆ ಬಂತು. ಬೇಗ ತಯಾರಾಗಲಿ ಅಂತ ಹಾಫ್ಕಿನ್ ಅದಕ್ಕೆ ಕಾರ್ಬಾಲಿಕ್ ಆಮ್ಲ ಸೇರಿಸುವುದನ್ನು ಬಿಟ್ಟು, ಕಾಯಿಸುವುದನ್ನೇ ನಂಬಿದರು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ (ಅದು ಈಗ ಪಾಕಿಸ್ತಾನದಲ್ಲಿದೆ) 107 ಜನರಿಗೆ ಚುಚ್ಚಿದರು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತುಹೋದರು. ಐದು ಬಾಟಲಿ ಬಳಸಿದ್ದರು, ಆದರೆ 19 ಜನರಿಗೂ ಚುಚ್ಚಿದ್ದು ಒಂದೇ ಬಾಟಲಿಯ ಮದ್ದು. ಉಳಿದ ನಾಲ್ಕರಿಂದ ಯಾರಿಗೂ ಏನೂ ಆಗಲಿಲ್ಲ.

ವಿಚಾರಣೆ ಮಾಡಿದವರು ಕಾರ್ಬಾಲಿಕ್ ಬಿಟ್ಟದ್ದೇ ತಪ್ಪು ಅಂತ ಹಾಫ್ಕಿನ್ನರ ಮೇಲೆ ಹಾಕಿದರು. ಅವರ ಕೆಲಸ ಹೋಯಿತು, ದೇಶವನ್ನೂ ಬಿಟ್ಟರು. ಆದರೆ ಆವತ್ತು ಹಳ್ಳಿಯಲ್ಲಿ ಬಾಟಲಿಯ ಬಿರಡೆ ತೆಗೆಯುವ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧ ಮಾಡದೆ ಅದರಿಂದಲೇ ಬಿರಡೆ ಎಳೆದಿದ್ದರು. ಧನುರ್ವಾಯುವಿನ ಕ್ರಿಮಿ ಇರುವುದು ಮಣ್ಣಿನಲ್ಲಿ.

ಆಮೇಲೆ ಪಂಜಾಬಿನ ಜನ ಸೂಜಿ ಅಂದರೆ ಹೆದರಿದರು. ಅಲ್ಲಿ 1907 ಒಂದೇ ವರ್ಷದಲ್ಲಿ ಪ್ಲೇಗಿಗೆ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ನಾನು ಇದನ್ನು ಓದಿ ಬಹಳ ಹೊತ್ತು ಯೋಚನೆ ಮಾಡಿದೆ. ಮದ್ದಿನಿಂದ ಸತ್ತ 19 ಜನರನ್ನು ಎಲ್ಲರೂ ಎಣಿಸಿದರು. ಮದ್ದಿನಿಂದ ಬದುಕಿದವರಿಗೆ ತಾವು ಬದುಕಿದ್ದು ಅದರಿಂದ ಅಂತಲೇ ಗೊತ್ತಿರಲ್ಲ, ಅವರನ್ನು ಎಣಿಸೋದು ಹೇಗೆ? ಆದರೆ ಆ 19 ಮನೆಗಳ ಮುಂದೆ ನಿಂತು ಈ ಲೆಕ್ಕ ಹೇಳು ಅಂದರೆ ನನ್ನ ಬಾಯಿ ಬರಲಾರದು.

ಮಲೇರಿಯಾ ಹರಡೋದು ಸೊಳ್ಳೆಯಿಂದ ಅಂತ ತೋರಿಸಿದ ರೊನಾಲ್ಡ್ ರಾಸ್ ಮತ್ತು ಬೇರೆ ವಿಜ್ಞಾನಿಗಳು ಹಾಫ್ಕಿನ್ನರ ಪರವಾಗಿ 1907ರಲ್ಲಿ ಲಂಡನ್ನಿನ ಪತ್ರಿಕೆಗೆ ಬರೆದರು. ಕೊನೆಗೆ ಅವರ ಮೇಲಿನ ಆರೋಪ ತೆಗೆದರು. ಐದು ವರ್ಷ ಆಗಿಹೋಗಿತ್ತು. ಮತ್ತೆ ಕಲ್ಕತ್ತೆಗೆ ಬಂದರೂ ಮೊದಲಿನ ಹಾಗೆ ಜನರ ನಡುವೆ ಹೋಗಿ ಲಸಿಕೆ ಹಾಕುವ ಕೆಲಸ ಅವರಿಗೆ ಸಿಗಲಿಲ್ಲ. 1925ರಲ್ಲಿ ಬೊಂಬಾಯಿಯ ಪ್ರಯೋಗಶಾಲೆಗೆ ಅವರ ಹೆಸರನ್ನೇ ಇಟ್ಟರು, ಈಗಲೂ ಅದೇ ಹೆಸರಿದೆ. ಅವರು ಮದುವೆಯಾಗಲಿಲ್ಲ. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೂಸಾನ್ ಪಟ್ಟಣದಲ್ಲಿ ತೀರಿಕೊಂಡರು.