ಕಾಯಿಲೆಗಿಂತ ಮೊದಲೇ ಮನೆಬಾಗಿಲಿಗೆ ಬಂದ ವೈದ್ಯೆ: ಸಾರಾ ಜೋಸೆಫೀನ್ ಬೇಕರ್

ಮಗು ಕಾಯಿಲೆ ಬಿದ್ದ ಮೇಲೆ ಆಸ್ಪತ್ರೆಗೆ ಒಯ್ಯುವುದು ಲೋಕರೂಢಿ. ಕಾಯಿಲೆ ಬೀಳುವ ಮೊದಲೇ ವೈದ್ಯಕೀಯ ನೆರವು ಮಗುವಿನ ಮನೆಯನ್ನು ತಲುಪಬೇಕೆಂದು ನಂಬಿದವರು ಅಮೆರಿಕದ ಡಾ. ಸಾರಾ ಜೋಸೆಫೀನ್ ಬೇಕರ್. ಆ ನಂಬಿಕೆಯನ್ನು ಅವರು ಒಂದು ಮಹಾನಗರದ ಆಡಳಿತಕ್ರಮವನ್ನಾಗಿಯೇ ರೂಪಿಸಿದರು. ಮಕ್ಕಳಿಗೆ ನಿಯಮಿತ ಆರೋಗ್ಯ ಸೇವೆ ದೊರೆಯದಿದ್ದಾಗ ತುರ್ತು ಚಿಕಿತ್ಸಾ ವಿಭಾಗಗಳ ಮೇಲೆ ಹೊರೆ ಬೀಳುವುದನ್ನು ಕುರಿತ ಚರ್ಚೆ ನಡೆದಾಗಲೆಲ್ಲ ನೆನಪಾಗಬೇಕಾದ ಜೀವನ ಅವರದು.

ಜೋಸೆಫೀನ್ ಜನಿಸಿದ್ದು 1873ರ ನವೆಂಬರ್ 15ರಂದು, ನ್ಯೂಯಾರ್ಕ್ ರಾಜ್ಯದ ಪೋಕಿಪ್ಸಿ ಪಟ್ಟಣದ ಅನುಕೂಲಸ್ಥ ಕುಟುಂಬವೊಂದರಲ್ಲಿ. ತಂದೆ ವಕೀಲರು. ಜೋಸೆಫೀನ್‌ಗೆ ಹದಿನಾರು ವರ್ಷವಾಗಿದ್ದಾಗ ತಮ್ಮ ತೀರಿಕೊಂಡ. ಕೆಲವೇ ತಿಂಗಳಲ್ಲಿ ತಂದೆಯೂ ವಿಷಮಶೀತ ಜ್ವರಕ್ಕೆ ಬಲಿಯಾದರು. ಸಂಸಾರದ ಹೊಣೆ ತನ್ನದೆಂದು ಭಾವಿಸಿದ ಹುಡುಗಿ ವೈದ್ಯಳಾಗುವ ನಿರ್ಧಾರ ಮಾಡಿದಳು. ಬಂಧುಬಳಗದ ವಿರೋಧವನ್ನು ಲೆಕ್ಕಿಸದೆ ನ್ಯೂಯಾರ್ಕ್‌ನ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿ 1898ರಲ್ಲಿ ಪದವಿ ಪಡೆದಳು.

ಕಾಲೇಜಿನಲ್ಲಿ ಅವರು ಅನುತ್ತೀರ್ಣರಾದದ್ದು ಒಂದೇ ವಿಷಯದಲ್ಲಿ. ಅದು ಆರೋಗ್ಯವಂತ ಮಗುವಿನ ಬೆಳವಣಿಗೆಯನ್ನು ಕುರಿತ ಪಾಠ. ರೋಗವಿಲ್ಲದ ಮಗುವಿನ ಬಗ್ಗೆ ವೈದ್ಯರು ಕಲಿಯುವುದಾದರೂ ಏನೆಂಬ ತಾತ್ಸಾರವೇ ಅದಕ್ಕೆ ಕಾರಣವಾಗಿತ್ತು. ಆ ಪಾಠವನ್ನು ಮತ್ತೊಮ್ಮೆ ಓದಬೇಕಾಗಿ ಬಂದಾಗ ತಾತ್ಸಾರ ಆಸಕ್ತಿಯಾಗಿ ಬದಲಾಯಿತು. ಮುಂದೆ ಅದೇ ಅವರ ಬದುಕಿನ ಕಾರ್ಯಕ್ಷೇತ್ರವಾಯಿತು.

ಖಾಸಗಿ ವೃತ್ತಿಯ ಆದಾಯ ಸಾಲದ ಕಾರಣ 1901ರಲ್ಲಿ ಅವರು ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆಯಲ್ಲಿ ವೈದ್ಯಕೀಯ ತಪಾಸಕರ ಕೆಲಸ ಹಿಡಿದರು. ಬೇಸಿಗೆಯ ಸೆಕೆಯಲ್ಲಿ ವಠಾರದ ಮೆಟ್ಟಿಲುಗಳನ್ನು ಹತ್ತಿಳಿದು, ಬೇಧಿಯಿಂದ ಬಳಲುವ ಹಸುಳೆಗಳನ್ನು ಹುಡುಕುವುದು ಅವರ ಪಾಲಿಗೆ ಬಂದ ಕೆಲಸ. ಹಲವು ಮನೆಗಳಿಗೆ ಅವರು ತಲುಪುವ ವೇಳೆಗೆ ಕಾಲ ಮಿಂಚಿರುತ್ತಿತ್ತು. 1907ರಲ್ಲಿ, ತನಗೆ ರೋಗಲಕ್ಷಣಗಳಿಲ್ಲದಿದ್ದರೂ ವಿಷಮಶೀತ ಜ್ವರದ ರೋಗಾಣುಗಳನ್ನು ಹರಡುತ್ತಿದ್ದ ಅಡುಗೆಯಾಕೆ ಮೇರಿ ಮ್ಯಾಲನ್‌ಳನ್ನು ಪೊಲೀಸರ ನೆರವಿನಿಂದ ಪತ್ತೆಹಚ್ಚಿ ಆಸ್ಪತ್ರೆಗೆ ಸೇರಿಸಿದ್ದೂ ಇದೇ ಬೇಕರ್.

ಆದರೆ ಚರಿತ್ರೆಯಲ್ಲಿ ಅವರ ಹೆಸರು ಉಳಿದದ್ದು 1908ರ ಬೇಸಿಗೆಯಿಂದ. ನಗರದ ಪೂರ್ವಭಾಗದಲ್ಲಿ ಬಡ ವಲಸಿಗರು ಕಿಕ್ಕಿರಿದು ವಾಸಿಸುತ್ತಿದ್ದ ಒಂದು ಪ್ರದೇಶವನ್ನು ಅವರು ಪ್ರಯೋಗಕ್ಕಾಗಿ ಆರಿಸಿಕೊಂಡರು. ಶಾಲೆಗಳಿಗೆ ರಜೆಯಿದ್ದುದರಿಂದ ಶಾಲಾ ದಾದಿಯರಲ್ಲಿ ಮೂವತ್ತು ಮಂದಿ ಅವರ ಕೈಗೆ ದೊರೆತರು. ಜನನ ನೋಂದಣಿಯಾದ ಕೂಡಲೇ ವಿಳಾಸ ದಾದಿಯ ಕೈಸೇರುತ್ತಿತ್ತು. ಮರುದಿನವೇ ಆಕೆ ಬಾಣಂತಿಯ ಮನೆಯಲ್ಲಿರುತ್ತಿದ್ದಳು. ಎದೆಹಾಲನ್ನೇ ಉಣಿಸಿ, ದಿನವೂ ಸ್ನಾನ ಮಾಡಿಸಿ, ತೆಳುವಾದ ಬಟ್ಟೆ ತೊಡಿಸಿ, ಕಿಟಕಿ ತೆರೆದಿಡಿ ಎಂಬಷ್ಟೇ ಉಪದೇಶ. ಬೇಸಿಗೆ ಮುಗಿದಾಗ ಆ ಪ್ರದೇಶದಲ್ಲಿ ಹಿಂದಿನ ವರ್ಷದ ಬೇಸಿಗೆಗಿಂತ 1,200 ಶಿಶುಮರಣಗಳು ಕಡಿಮೆಯಾಗಿದ್ದವು. ಇದಕ್ಕಾಗಿ ಹೊಸ ಔಷಧವನ್ನಾಗಲೀ ಹೊಸ ಆಸ್ಪತ್ರೆಯನ್ನಾಗಲೀ ತಂದಿರಲಿಲ್ಲ.

ಅದೇ ವರ್ಷ ನಗರಾಡಳಿತ ಮಕ್ಕಳ ಆರೋಗ್ಯಕ್ಕೆಂದೇ ಪ್ರತ್ಯೇಕ ವಿಭಾಗ ತೆರೆದು ಬೇಕರ್ ಅವರನ್ನು ಮುಖ್ಯಸ್ಥೆಯನ್ನಾಗಿ ನೇಮಿಸಿತು. ಹೆಣ್ಣಿನ ಕೈಕೆಳಗೆ ದುಡಿಯಲಾರೆವೆಂದು ಆರು ಮಂದಿ ವೈದ್ಯರು ರಾಜೀನಾಮೆಗೆ ಮುಂದಾದರು. ಒಂದು ತಿಂಗಳು ನೋಡಿ ತೀರ್ಮಾನಿಸಿರೆಂದು ಬೇಕರ್ ವಿನಂತಿಸಿದರು. ತಿಂಗಳು ಕಳೆದ ಮೇಲೆ ಯಾರೂ ಹೋಗಲಿಲ್ಲ.

ಸೂಲಗಿತ್ತಿಯರಿಗೆ ತರಬೇತಿ ಮತ್ತು ಪರವಾನಗಿ, ಶುದ್ಧ ಹಾಲು ಒದಗಿಸುವ ಶಿಶು ಆರೋಗ್ಯ ಕೇಂದ್ರಗಳು, ಶಾಲಾ ಮಕ್ಕಳ ತಪಾಸಣೆ ಒಂದೊಂದಾಗಿ ವ್ಯವಸ್ಥಿತಗೊಂಡವು. ತಾಯಂದಿರು ದುಡಿಯಲು ಹೋದಾಗ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯರಿಗೂ ಶಿಶುಪಾಲನೆಯ ಪಾಠ ನಡೆಯಿತು. ನವಜಾತ ಶಿಶುಗಳ ಕಣ್ಣಿಗೆ ಹಾಕುವ ಸಿಲ್ವರ್ ನೈಟ್ರೇಟ್ ದ್ರಾವಣ ಸೀಸೆಯಲ್ಲಿ ಕೆಡುತ್ತಿದ್ದುದರಿಂದ, ಒಂದೊಂದು ಕಣ್ಣಿಗೆ ಸಾಲುವಷ್ಟನ್ನೇ ಜೇನುಮೇಣದ ಗುಳಿಗೆಯಲ್ಲಿ ತುಂಬಿಸುವ ಉಪಾಯವನ್ನೂ ಅವರು ಕಂಡುಹಿಡಿದರು.

ವಿರೋಧಕ್ಕೂ ಕೊರತೆಯಿರಲಿಲ್ಲ. ಬ್ರೂಕ್ಲಿನ್‌ನ ಕೆಲವು ವೈದ್ಯರು ಈ ವಿಭಾಗವನ್ನು ಮುಚ್ಚಿಸುವಂತೆ ಮೇಯರ್‌ಗೆ ಮನವಿ ಸಲ್ಲಿಸಿದರು. ಮಕ್ಕಳು ಆರೋಗ್ಯವಾಗಿರುವುದರಿಂದ ತಮ್ಮ ವೃತ್ತಿಗೆ ಧಕ್ಕೆಯಾಗಿದೆ ಎಂಬುದು ಅವರ ದೂರಾಗಿತ್ತು. ಬೇಕರ್ ಅದನ್ನು ಪ್ರಶಂಸಾಪತ್ರವೆಂದೇ ಬಗೆದರು.

ಉಪನ್ಯಾಸ ನೀಡಲು ನ್ಯೂಯಾರ್ಕ್ ವಿಶ್ವವಿದ್ಯಾಲಯ ಕರೆದಾಗ, ಮಹಿಳೆಯರಿಗೆ ಪ್ರವೇಶವಿಲ್ಲದ ಅಲ್ಲಿ ತಮ್ಮನ್ನು ವಿದ್ಯಾರ್ಥಿನಿಯಾಗಿ ಸೇರಿಸಿಕೊಂಡರೆ ಮಾತ್ರ ಪಾಠ ಮಾಡುವೆನೆಂದು ಪಟ್ಟುಹಿಡಿದರು. 1917ರಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಡಾಕ್ಟರೇಟ್ ಗಳಿಸಿದರು. 1923ರಲ್ಲಿ ಅವರು ನಿವೃತ್ತರಾಗುವ ವೇಳೆಗೆ ಅಮೆರಿಕದ ದೊಡ್ಡ ನಗರಗಳ ಪೈಕಿ ಶಿಶುಮರಣ ಪ್ರಮಾಣ ಅತ್ಯಂತ ಕಡಿಮೆಯಿದ್ದುದು ನ್ಯೂಯಾರ್ಕ್‌ನಲ್ಲಿ. 1939ರಲ್ಲಿ ಆತ್ಮಕಥೆ ಪ್ರಕಟಿಸಿದ ಅವರು 1945ರ ಫೆಬ್ರುವರಿ 22ರಂದು ನಿಧನರಾದರು.

ಬೇಕರ್ ಹಾಕಿಕೊಟ್ಟ ದಾರಿಯಲ್ಲಿ ಅವರ ದೇಶ ನೇರವಾಗಿ ನಡೆಯಲಿಲ್ಲ. ತಾಯಿ-ಮಕ್ಕಳ ಆರೋಗ್ಯ ಕೇಂದ್ರಗಳಿಗೆ ಹಣ ಒದಗಿಸಿದ 1921ರ ಶೆಪರ್ಡ್-ಟೌನರ್ ಕಾಯ್ದೆ ವೈದ್ಯರ ಸಂಘದ ವಿರೋಧಕ್ಕೆ ಸಿಲುಕಿ 1929ರಲ್ಲಿ ಕೊನೆಗೊಂಡಿತು. ಬಡವರಿಗಾಗಿ ಮೆಡಿಕೇಡ್ ಬಂದದ್ದು 1965ರಲ್ಲಿ, ಮಕ್ಕಳ ಆರೋಗ್ಯ ವಿಮಾ ಯೋಜನೆ 1997ರಲ್ಲಿ. ಈ ನಡುವೆ, ಹಣವಿರಲಿ ಇಲ್ಲದಿರಲಿ ತುರ್ತು ಚಿಕಿತ್ಸೆಗೆ ಬಂದವರನ್ನು ಪರೀಕ್ಷಿಸಲೇಬೇಕೆಂದು 1986ರ ಕಾನೂನು ವಿಧಿಸಿತು. ಹೀಗಾಗಿ ಖಾಯಂ ವೈದ್ಯರಿಲ್ಲದ ಮಗುವಿಗೆ ಕಿವಿನೋವು, ಜ್ವರ, ಉಬ್ಬಸ ಯಾವುದು ಬಂದರೂ ಸದಾ ತೆರೆದಿರುವ ಬಾಗಿಲು ಅದೊಂದೇ ಆಗುವುದುಂಟು.

ಆ ಬಾಗಿಲು ಬೇಕೇಬೇಕು. ಅದು ಅನೇಕ ಜೀವಗಳನ್ನು ಉಳಿಸಿದೆ. ಆದರೆ ಅಲ್ಲಿನ ವೈದ್ಯರು ಇಂದಿನ ಉಬ್ಬಸವನ್ನು ಇಳಿಸಬಲ್ಲರೇ ಹೊರತು, ಕಳೆದ ತಿಂಗಳು ಅದೇ ಮಗು ಹೇಗಿತ್ತೆಂಬುದನ್ನು ಬಲ್ಲವರಲ್ಲ. ಬಲ್ಲವರೊಬ್ಬರು ಪ್ರತಿ ಮಗುವಿಗೂ ಇರಬೇಕೆಂಬ ಉದ್ದೇಶದಿಂದಲೇ 1908ರ ಆ ಬೇಸಿಗೆಯಲ್ಲಿ ಮೂವತ್ತು ದಾದಿಯರು ವಠಾರದ ಮೆಟ್ಟಿಲು ಹತ್ತಿದ್ದರು.